ಮಗ್ಗಕ್ಕೆ ಹೊರಗಿನಿಂದ ಬಂದ ನೆನಪು

ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ದಕ್ಷಿಣಾಭಿಮುಖವಾಗಿ ಹರಿದು ಕಾವೇರಿಯನ್ನು ಕೂಡುವ ಅರ್ಕಾವತಿಯ ಆರಂಭದ ಕೆರೆಗಳ ನೀರುಂಡು ಬೆಳೆದ ದೊಡ್ಡಬಳ್ಳಾಪುರವು, ಆವತಿ ನಾಡಪ್ರಭುಗಳ ವಂಶದ ಆಳ್ವಿಕೆಯಿಂದಲೂ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯ ನೆರೆಹೊರೆಯಿಂದಲೂ ಹಿಂದೆ ಎಷ್ಟು ಹೆಸರುವಾಸಿಯಾಗಿತ್ತೋ, ಅದಕ್ಕಿಂತ ಮಿಗಿಲಾಗಿ ಇಂದು ತನ್ನ ವಿದ್ಯುತ್ ಮಗ್ಗಗಳಿಂದ ಹೆಸರುವಾಸಿಯಾಗಿದೆ. ತೂಬಗೆರೆ ಪೇಟೆಯಲ್ಲಾಗಲಿ ಕರೇನಹಳ್ಳಿಯಲ್ಲಾಗಲಿ ಹಗಲಿನ ಯಾವ ಹೊತ್ತಿನಲ್ಲಿ ನಡೆದು ಹೋದರೂ ಲಾಳಿಯ ಹೊಡೆತದ ಸದ್ದು ಗೋಡೆಗಳನ್ನು ದಾಟಿ ಬೀದಿಗೆ ಕೇಳಿಬರುತ್ತದೆ. ಸದ್ದು ನಿಂತಿತೆಂದರೆ ವಿದ್ಯುತ್ತು ಹೋಗಿದೆ, ಇಲ್ಲವೆ ಸೀರೆಗೆ ಗಿರಾಕಿಯಿಲ್ಲ ಎಂದು ಊರಿನ ಮಕ್ಕಳಿಗೂ ತಿಳಿಯುತ್ತದೆ. ಈ ಮಗ್ಗಗಳ ಚರಿತ್ರೆಯನ್ನು ನೂಲಿನ ಬೆಲೆ, ಕೂಲಿಯ ದರ, ಚಿಕ್ಕಪೇಟೆಯ ಸಗಟು ವ್ಯಾಪಾರಿಗಳ ಸಾಲ ಮುಂತಾದ ಮಾರ್ಗಗಳಿಂದ ಬರೆಯುವವರುಂಟು, ಬರೆಯಬೇಕಾದುದೂ ಹೌದು. ನಾನಿಲ್ಲಿ ಹಿಡಿದುಕೊಂಡಿರುವ ಎಳೆ ಬೇರೆ. ಮಗ್ಗಕ್ಕೆ ನೇಯುವುದು ಗೊತ್ತು, ಆದರೆ ಏನನ್ನು ನೇಯಬೇಕೆಂಬುದು ಗೊತ್ತಿಲ್ಲ. ಆ ಎರಡನೆಯ ಜ್ಞಾನವು ಅದಕ್ಕೆ ಯಾವಾಗಲೂ ಹೊರಗಿನಿಂದಲೇ ಬರಬೇಕು. ಹಾಗೆ ಹೊರಗಿನಿಂದ ಬಂದುದು ಒಂದು ಕಾಲದಲ್ಲಿ ಹುಡುಗನ ಕೈಯಾಗಿತ್ತು, ಅನಂತರ ರಟ್ಟಿನ ಕಾರ್ಡಾಯಿತು, ಈಗ ಕಿರುಬೆರಳಿನಷ್ಟು ಉದ್ದದ ಪೆನ್ ಡ್ರೈವ್ ಆಗಿದೆ.

1800ರಲ್ಲಿ ಟಿಪ್ಪುವಿನ ಪತನಾನಂತರದ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಬೆಂಗಳೂರಿನ ಪೇಟೆಯ ನೇಕಾರರನ್ನು ಕುರಿತು ಬರೆಯುವಾಗ ರೇಷ್ಮೆಯ ಪಟ್ಟವೇಗಾರರನ್ನೂ ಖತ್ರಿಗಳನ್ನೂ ಹತ್ತಿಯ ದೇವಾಂಗರನ್ನೂ ತೊಗಟರನ್ನೂ ಪದ್ಮಸಾಲಿಗರನ್ನೂ ಹೆಸರಿಸುತ್ತಾನೆ. ಅವನು ಕಂಡ ಮಗ್ಗ ನೆಲದಲ್ಲಿ ಗುಂಡಿ ತೋಡಿ ಕಾಲಿಳಿಬಿಟ್ಟು ಕೂಡುವ ಗುಣಿಮಗ್ಗ. ಆ ಮಗ್ಗದಲ್ಲಿ ಬರಿಯ ಬಟ್ಟೆಯನ್ನು ನೇಯಲು ಹಾಸಿನ ಎಳೆಗಳನ್ನು ಒಂದು ಬಿಟ್ಟು ಒಂದರಂತೆ ಎತ್ತಿ ಇಳಿಸಿದರೆ ಸಾಕು. ಆ ಕೆಲಸವನ್ನು ಎರಡು ತುಳಿಗೆಗಳು ಮಾಡುತ್ತವೆ. ಆದರೆ ಸೆರಗಿನಲ್ಲಿ ಒಂದು ಹಂಸವೋ ಅಂಚಿನಲ್ಲಿ ಒಂದು ರುದ್ರಾಕ್ಷಿಯ ಸಾಲೋ ಮೂಡಬೇಕಾದರೆ, ಪ್ರತಿಯೊಂದು ಹೊಕ್ಕಿಗೂ ಯಾವ ಯಾವ ಎಳೆಗಳು ಮೇಲೇಳಬೇಕು, ಯಾವುವು ಕೆಳಗುಳಿಯಬೇಕು ಎಂಬ ಬೇರೆಯೇ ಒಂದು ಆಜ್ಞೆ ಬೇಕಾಗುತ್ತದೆ. ಅದನ್ನು ದಾರಗಳಲ್ಲಿ ಗಂಟು ಹಾಕಿ ಕಟ್ಟಿಡುತ್ತಿದ್ದರು. ಮಗ್ಗದ ಪಕ್ಕದಲ್ಲಿ ಕುಳಿತ ಹುಡುಗನೊಬ್ಬ ನೇಕಾರನ ಕೂಗಿಗೆ ಸರಿಯಾಗಿ ಆ ದಾರಗಳ ಕಟ್ಟನ್ನು ಒಂದಾದಮೇಲೊಂದು ಎಳೆಯುತ್ತಿದ್ದನು. ಭಾರತದಲ್ಲಿ ಮಾತ್ರವಲ್ಲ, ಚೀನಾದಲ್ಲಿಯೂ ಫ್ರಾನ್ಸಿನಲ್ಲಿಯೂ ಚಿತ್ರದ ನೇಯ್ಗೆಯು ನಡೆಯುತ್ತಿದ್ದುದು ಈ ರೀತಿಯಲ್ಲಿಯೇ. ಹುಡುಗ ತೂಕಡಿಸಿದರೆ ಹಂಸದ ಕೊರಳು ಸೊಟ್ಟಗಾಗುತ್ತಿತ್ತು.

ಆ ಹುಡುಗನನ್ನು ಮಗ್ಗದಿಂದ ಎಬ್ಬಿಸಿ ಕಳುಹಿಸಿದವರು ಲಿಯೋನ್ ನಗರದ ರೇಷ್ಮೆಯ ಕಸುಬಿನವರು. 1725ರಲ್ಲಿ ಬಾಸಿಲ್ ಬೂಶೋನನು ರಂಧ್ರ ಕೊರೆದ ಕಾಗದದ ಸುರುಳಿಯಿಂದ ಎಳೆಗಳನ್ನು ಆರಿಸುವ ಉಪಾಯವನ್ನು ಹೂಡಿದನು; 1728ರಲ್ಲಿ ಫಾಲ್ಕೋನನು ಸುರುಳಿಗೆ ಬದಲಾಗಿ ಒಂದಕ್ಕೊಂದು ಪೋಣಿಸಿದ ಕಾರ್ಡುಗಳನ್ನು ತಂದನು; 1745ರಲ್ಲಿ ವೋಕಾನ್ಸೋನನು, ಕೊಳಲೂದುವ ಬೊಂಬೆಯನ್ನೂ ಕಾಳು ತಿನ್ನುವ ಬಾತನ್ನೂ ಮಾಡಿ ಯೂರೋಪನ್ನು ಬೆರಗುಗೊಳಿಸಿದ್ದ ಆ ಚತುರನು, ಸ್ವಯಂಚಾಲಿತ ಮಗ್ಗವೊಂದನ್ನೇ ನಿರ್ಮಿಸಿದನು. ಈ ಮೂವರ ಕೆಲಸವನ್ನೂ ಒಟ್ಟುಗೂಡಿಸಿ ನಿಜವಾಗಿ ದುಡಿಯಬಲ್ಲ ಯಂತ್ರವನ್ನಾಗಿಸಿದ ಕೀರ್ತಿ ಜೋಸೆಫ್ ಮಾರಿ ಜಕಾರ್ಡನಿಗೆ ಸಂದಿತು, ವರ್ಷ 1804. ಎರಡು ವರ್ಷಗಳಲ್ಲಿ ಫ್ರೆಂಚ್ ಸರ್ಕಾರವು ಆ ಮಗ್ಗವನ್ನು ಸಾರ್ವಜನಿಕ ಸ್ವತ್ತೆಂದು ಸಾರಿ ಅವನಿಗೆ ವೇತನವನ್ನು ಗೊತ್ತುಮಾಡಿತು. ಲಿಯೋನಿನ ನೇಕಾರರಾದರೋ ತಮ್ಮ ಅನ್ನ ಹೋಯಿತೆಂದು ಯಂತ್ರಗಳ ಮೇಲೆ ತಿರುಗಿಬಿದ್ದರು. ಹೊಸ ಉಪಕರಣವು ಬಂದಾಗಲೆಲ್ಲ ಮೊದಲು ಕೇಳಿಬರುವ ಕೂಗು ಅದೇ ಆಗಿದ್ದರೂ ಆ ಕೂಗು ಎಲ್ಲ ಸಲವೂ ಸುಳ್ಳಾಗಿತ್ತೆಂದು ನಾನು ಹೇಳಲಾರೆ.

ಯಂತ್ರದ ತತ್ತ್ವವು ಸರಳವಾದುದು. ಮಗ್ಗದ ನೆತ್ತಿಯ ಮೇಲೆ ಕೊಕ್ಕೆಗಳ ಒಂದು ಕಾಡು ನಿಂತಿರುತ್ತದೆ. ಒಂದೊಂದು ಕೊಕ್ಕೆಗೂ ಅಡ್ಡಲಾಗಿ ಒಂದೊಂದು ಸೂಜಿ. ನಾಲ್ಕು ಮುಖದ ಉರುಳೆಯೊಂದು ಪ್ರತಿ ಹೊಕ್ಕಿಗೂ ಕಾಲು ಸುತ್ತು ತಿರುಗಿ, ತನ್ನ ಮೇಲೆ ಹಾಸಿದ ಕಾರ್ಡನ್ನು ಸೂಜಿಗಳ ತುದಿಗೆ ಒತ್ತುತ್ತದೆ. ಕಾರ್ಡಿನಲ್ಲಿ ರಂಧ್ರವಿದ್ದೆಡೆ ಸೂಜಿ ಒಳನುಗ್ಗುತ್ತದೆ, ಅದರ ಕೊಕ್ಕೆ ತನ್ನ ಸ್ಥಾನದಲ್ಲಿಯೇ ನಿಂತು ಮೇಲಕ್ಕೆ ಎತ್ತಲ್ಪಡುತ್ತದೆ, ಅದಕ್ಕೆ ಕಟ್ಟಿದ ಹಾಸಿನ ಎಳೆಯೂ ಏಳುತ್ತದೆ. ರಂಧ್ರವಿಲ್ಲದೆಡೆ ರಟ್ಟು ಸೂಜಿಯನ್ನು ಹಿಂದೆ ನೂಕುತ್ತದೆ, ಕೊಕ್ಕೆ ಎತ್ತುವ ಅಲಗಿನಿಂದ ತಪ್ಪಿಸಿಕೊಳ್ಳುತ್ತದೆ, ಎಳೆ ಕೆಳಗುಳಿಯುತ್ತದೆ. ಇದೆ, ಇಲ್ಲ, ಇಷ್ಟೇ ಅದರ ಭಾಷೆ. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜನು ತನ್ನ ಗಣಿತಯಂತ್ರಕ್ಕೆ ಆಜ್ಞೆಗಳನ್ನು ಕೊಡುವುದಕ್ಕೆ ಈ ಕಾರ್ಡುಗಳನ್ನೇ ಆರಿಸಿಕೊಂಡನೆಂಬುದೂ, 1890ರ ಅಮೆರಿಕದ ಜನಗಣತಿಯಲ್ಲಿ ಹಾಲೆರಿತ್ ಎಂಬವನು ರಂಧ್ರದ ಕಾರ್ಡುಗಳಿಂದ ಜನರನ್ನು ಎಣಿಸಿದನೆಂಬುದೂ ಈಗ ಶಾಲೆಯ ಮಕ್ಕಳಿಗೂ ತಿಳಿದ ಸಂಗತಿ. 1892ರಲ್ಲಿ ಪ್ಯಾರಿಸಿನ ಗಾವಿಯೋಲಿ ಮನೆತನದವರು ಮಡಿಸಿದ ರಟ್ಟಿನ ಪುಸ್ತಕದಲ್ಲಿ ರಂಧ್ರಗಳನ್ನು ಕೊರೆದು ಜಾತ್ರೆಯ ಆರ್ಗನ್ ವಾದ್ಯಗಳಿಂದ ಹಾಡುಗಳನ್ನು ನುಡಿಸಿದರೆಂಬುದು ಮಾತ್ರ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಮಗ್ಗಕ್ಕೂ ಸಂಗೀತಕ್ಕೂ ಇರುವ ಈ ದಾಯಾದಿತನವು ಮುಂದೆ ನಮ್ಮ ಕಥೆಯಲ್ಲಿ ಮತ್ತೊಮ್ಮೆ ಬರುವುದರಿಂದ ಅದನ್ನಿಲ್ಲಿ ಹೇಳಿಟ್ಟಿದ್ದೇನೆ.

ಕನ್ನಡನಾಡಿಗೆ ಯೂರೋಪಿನ ಮಗ್ಗ ಬಂದುದು ಮೊದಲು ಕರಾವಳಿಯಲ್ಲಿ. 1851ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ನೇಯ್ಗೆಯ ಕಾರ್ಖಾನೆಯನ್ನು ತೆರೆದರು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ವಿಟ್ಜರ್ಲೆಂಡಿನಿಂದ ತರಿಸಿದ 32 ಮಗ್ಗಗಳೊಡನೆ ಮೈಸೂರಿನ ರೇಷ್ಮೆ ಕಾರ್ಖಾನೆಯು ಆರಂಭವಾಯಿತು. ಅವೆರಡೂ ದೊಡ್ಡ ಬಂಡವಾಳದ, ದೊಡ್ಡ ಛಾವಣಿಯ ಕಾರ್ಯಗಳು. ದೊಡ್ಡಬಳ್ಳಾಪುರದ ವೈಶಿಷ್ಟ್ಯವು ಇದಕ್ಕೆ ವಿರುದ್ಧವಾದುದು: ಇಲ್ಲಿ ಯಂತ್ರವು ಮನೆಯೊಳಕ್ಕೆ ಬಂದಿತು. ಗುಣಿಮಗ್ಗವಿದ್ದ ಪಡಸಾಲೆಯಲ್ಲಿಯೇ ವಿದ್ಯುತ್ ಮಗ್ಗ ಕೂತಿತು. ಅಡುಗೆಮನೆಗೂ ಮಗ್ಗದ ಕೋಣೆಗೂ ನಡುವೆ ಒಂದು ಗೋಡೆ. ಗಂಡ ಮಗ್ಗ ನೋಡಿದರೆ ಹೆಂಡತಿ ಕಂಡಿಕೆ ಸುತ್ತುವಳು, ಗಂಡ ಊಟಕ್ಕೆದ್ದರೆ ಅವಳೇ ಮಗ್ಗದ ಮುಂದೆ ನಿಲ್ಲುವಳು. ಇಂತಹ ಮನೆಯ ಮಗ್ಗದ ಮೇಲೆ ಜಕಾರ್ಡ್ ಯಂತ್ರವು ಏರಿದಾಗ ಸೂರನ್ನು ಎತ್ತರಿಸಬೇಕಾಯಿತು. ಹಳೆಯ ಮನೆಗಳ ಮಧ್ಯೆ ಒಂದು ಭಾಗವು ಮಾತ್ರ ಎತ್ತರವಾಗಿದ್ದರೆ ಅದರ ಕೆಳಗೆ ಜಕಾರ್ಡ್ ಇದೆಯೆಂದು ಊಹಿಸಬಹುದು.

ಕಾರ್ಡಿನ ಕೆಲಸವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಏಕೆಂದರೆ ಅದನ್ನು ಮಾಡಿದವರ ಹೆಸರು ಸೀರೆಯ ಮೇಲೂ ಇಲ್ಲ, ಅಂಗಡಿಯ ಬೋರ್ಡಿನ ಮೇಲೂ ಇಲ್ಲ. ಚಿತ್ರವನ್ನು ಮೊದಲು ಬಿಳಿಯ ಕಾಗದದ ಮೇಲೆ ಬರೆಯುತ್ತಿದ್ದರು: ಮಾವಿನಕಾಯಿ, ನವಿಲು, ತೇರು, ಬಳ್ಳಿ. ಅನಂತರ ಅದನ್ನು ಚೌಕುಳಿ ಹಾಕಿದ ಕಾಗದಕ್ಕೆ ಇಳಿಸುತ್ತಿದ್ದರು. ಅಲ್ಲಿ ಒಂದೊಂದು ನಿಲುಸಾಲೂ ಒಂದು ಕೊಕ್ಕೆ, ಒಂದೊಂದು ಅಡ್ಡಸಾಲೂ ಒಂದು ಹೊಕ್ಕು. ಬಳ್ಳಿಯ ಬಾಗು ಚೌಕಗಳಿಗೆ ಇಳಿಯುವಾಗ ಮೆಟ್ಟಿಲು ಮೆಟ್ಟಿಲಾಗಿಬಿಡುತ್ತದೆ. ಆ ಮೆಟ್ಟಿಲು ನೇಯ್ದ ಬಟ್ಟೆಯಲ್ಲಿ ಕಣ್ಣಿಗೆ ಕಾಣದಂತೆ ಎಲ್ಲಿ ಒಂದು ಚೌಕವನ್ನು ಸೇರಿಸಬೇಕು, ಎಲ್ಲಿ ಬಿಡಬೇಕು ಎಂಬುದನ್ನು ನಿರ್ಣಯಿಸುವುದೇ ನಕ್ಷೆಗಾರನ ವಿದ್ಯೆ. ಸರಿಗೆಯ ಎಳೆ ಬಹಳ ದೂರ ಬಿಡಿಯಾಗಿ ತೇಲಿದರೆ ಉಟ್ಟವರ ಬಳೆಗೆ ಸಿಕ್ಕಿ ಕಿತ್ತುಬರುತ್ತದೆ. ಆದುದರಿಂದ ನವಿಲಿನ ಮೈಯ ನಡುವೆ ಅಲ್ಲಲ್ಲಿ ಕಟ್ಟುಚುಕ್ಕೆಗಳನ್ನು ಇಡಬೇಕು, ಇಟ್ಟುದು ಗರಿಯ ವಿನ್ಯಾಸದಂತೆಯೇ ಕಾಣಬೇಕು. ಇದನ್ನೆಲ್ಲ ಯಾವ ಶಾಲೆಯಲ್ಲಿಯೂ ಕಲಿಯದೆ, ಮತ್ತೊಬ್ಬನ ಪಕ್ಕದಲ್ಲಿ ಕುಳಿತು ನೋಡಿ ಕಲಿತವರೇ ಹೆಚ್ಚು.

ಚೌಕುಳಿಯ ಕಾಗದ ಸಿದ್ಧವಾದ ಮೇಲೆ ಅದನ್ನು ಸಾಲು ಸಾಲಾಗಿ ಓದಿ ರಟ್ಟಿನಲ್ಲಿ ರಂಧ್ರ ಹೊಡೆಯಬೇಕು. ಸಣ್ಣ ಅಂಗಡಿಗಳಲ್ಲಿ ತೂತುಗಳಿರುವ ಎರಡು ಉಕ್ಕಿನ ಹಲಗೆಗಳ ನಡುವೆ ರಟ್ಟನ್ನು ಇಟ್ಟು ಉಳಿಯಂತಹ ಮೊಳೆಯಿಂದ ಒಂದೊಂದಾಗಿ ಬಡಿಯುತ್ತಿದ್ದರು. ದೊಡ್ಡ ಕೆಲಸಕ್ಕೆ ಬಳಸುತ್ತಿದ್ದ ಯಂತ್ರದಲ್ಲಿ ಬೆರಳುಗಳಿಂದ ಕೀಲಿಗಳನ್ನು ಒತ್ತಿ ಕಾಲಿನಿಂದ ತುಳಿಗೆಯನ್ನು ತುಳಿದರೆ ಒಂದು ಸಾಲಿನ ರಂಧ್ರಗಳು ಒಮ್ಮೆಗೇ ಬೀಳುತ್ತಿದ್ದುವು. ಕುಳಿತವನ ಭಂಗಿಯಿಂದಲೋ ಏನೋ, ಪ್ರಪಂಚದ ನೇಯ್ಗೆಯವರೆಲ್ಲ ಅದನ್ನು ಪಿಯಾನೋ ಯಂತ್ರವೆಂದೇ ಕರೆದರು. ಹೀಗೆ ಹೊಡೆದ ಕಾರ್ಡುಗಳನ್ನು ಕ್ರಮಸಂಖ್ಯೆ ಬರೆದು, ದಾರದಿಂದ ಪೋಣಿಸಿ, ಕೊನೆಯದನ್ನು ಮೊದಲನೆಯದಕ್ಕೆ ಕಟ್ಟಿ ಮಾಲೆಯಾಗಿಸಿದರೆ ಬುಟ್ಟವು ತಿರುತಿರುಗಿ ಸೀರೆಯುದ್ದಕ್ಕೂ ಮೂಡುತ್ತದೆ. ಮಾಲೆಯೇ ಏಕೆ ಬೇಕೆಂಬುದಕ್ಕೆ ಒಂದು ಲೆಕ್ಕ ಸಾಕು: ಐದೂವರೆ ಮೀಟರಿನ ಸೀರೆಯಲ್ಲಿ ಅಂಗುಲಕ್ಕೆ 70 ಹೊಕ್ಕೆಂದು ಇಟ್ಟುಕೊಂಡರೆ ಒಟ್ಟು ಹೊಕ್ಕುಗಳು 15,000ವನ್ನು ಮೀರುತ್ತವೆ, ಹೊಕ್ಕಿಗೊಂದರಂತೆ ಅಷ್ಟು ಕಾರ್ಡುಗಳನ್ನು ಹೊಡೆಸುವ ಶಕ್ತಿ ಯಾವ ಮನೆಗೂ ಇರಲಿಲ್ಲ. ಆದುದರಿಂದ ನಮ್ಮ ಸೀರೆಗಳ ಸೌಂದರ್ಯವು ಪುನರಾವೃತ್ತಿಯ ಸೌಂದರ್ಯವಾಯಿತು. ಜಕಾರ್ಡನ ಮರಣಾನಂತರ, 1839ರಲ್ಲಿ, ಅವನ ಭಾವಚಿತ್ರವನ್ನು ಲಿಯೋನಿನಲ್ಲಿ ರೇಷ್ಮೆಯಲ್ಲಿ ನೇಯ್ದಾಗ ಸುಮಾರು 24,000 ಕಾರ್ಡುಗಳು ಬೇಕಾದುವಂತೆ. ಅದು ಅರಸುಗಳ ಲೆಕ್ಕ, ಪಡಸಾಲೆಯ ಲೆಕ್ಕವಲ್ಲ.

ಮಳೆಗಾಲದ ತೇವಕ್ಕೆ ರಟ್ಟು ಉಬ್ಬಿದರೆ ರಂಧ್ರವು ಸೂಜಿಗೆ ಎದುರಾಗುವುದಿಲ್ಲ. ಇಲಿ ಕಚ್ಚಿದರೆ ಇಲ್ಲದ ರಂಧ್ರ ಹುಟ್ಟುತ್ತದೆ, ನವಿಲಿನ ಕಾಲ ಬಳಿ ಒಂದು ಎಳೆ ಸಲ್ಲದೆ ಏಳುತ್ತದೆ, ಬುಟ್ಟ ಬಂದಾಗಲೆಲ್ಲ ಅದೇ ದೋಷವೂ ನಿಯಮದಂತೆ ಬರುತ್ತದೆ. ಪೋಣಿಸುವಾಗ ಎರಡು ಕಾರ್ಡು ಹಿಂದು ಮುಂದಾದರೆ ಬಳ್ಳಿ ತುಂಡಾಗುತ್ತದೆ. ಇಷ್ಟೆಲ್ಲ ದೌರ್ಬಲ್ಯಗಳಿದ್ದ ಕಾರ್ಡಿಗೆ ಒಂದು ಗುಣ ಮಾತ್ರ ಅಸಾಧಾರಣವಾದುದಾಗಿತ್ತು: ವಿದ್ಯುತ್ತು ಹೋದರೆ ಅದು ಎಲ್ಲಿತ್ತೋ ಅಲ್ಲಿಯೇ ನಿಲ್ಲುತ್ತಿತ್ತು. ಎರಡು ಗಂಟೆಯ ಮೇಲೆ ಕರೆಂಟು ಬಂದಾಗ ಉರುಳೆಯ ಮೇಲೆ ಅದೇ ಕಾರ್ಡು, ಹಾಸಿನಲ್ಲಿ ಅದೇ ಹೊಕ್ಕು. ಮರೆಯುವುದಕ್ಕೆ ಅದರೊಳಗೆ ಏನೂ ಇರಲಿಲ್ಲವಷ್ಟೆ.

ವಿದ್ಯುನ್ಮಾನದ ಜಕಾರ್ಡ್ ಮೊದಲು ಪ್ರಪಂಚದ ಕಣ್ಣಿಗೆ ಬಿದ್ದುದು 1983ರಲ್ಲಿ, ಮಿಲಾನ್ ನಗರದ ಜವಳಿ ಯಂತ್ರಗಳ ಪ್ರದರ್ಶನದಲ್ಲಿ. ತಂದವರು ಬೋನಾಸ್ ಎಂಬ ಸಂಸ್ಥೆಯವರು. ಸೂಜಿಯ ಸ್ಥಾನದಲ್ಲಿ ವಿದ್ಯುತ್ಕಾಂತವು ಬಂದಿತು, ಕಾರ್ಡಿನ ಸ್ಥಾನದಲ್ಲಿ ಫ್ಲಾಪಿ ಡಿಸ್ಕು ಬಂದಿತು. ಇಲ್ಲಿ ಪುನಃ ಲೆಕ್ಕ ಮಾಡಿ ನೋಡಬೇಕು. 240 ಕೊಕ್ಕೆಯ ಜಕಾರ್ಡಿನ ಒಂದು ಕಾರ್ಡೆಂದರೆ 240 ಇದೆ-ಇಲ್ಲಗಳು, ಅಂದರೆ 30 ಬೈಟು. ಮೂರೂವರೆ ಅಂಗುಲದ ಸಾಮಾನ್ಯ ಫ್ಲಾಪಿಯಲ್ಲಿ 14,74,560 ಬೈಟುಗಳು ಹಿಡಿಯುತ್ತವೆ. ಭಾಗಿಸಿದರೆ 49,152 ಕಾರ್ಡುಗಳು. ಒಂದೊಂದು ಕಾರ್ಡು ಎರಡು ಅಂಗುಲ ಅಗಲವೆಂದು ಹಿಡಿದರೂ ಸುಮಾರು ಎರಡೂವರೆ ಕಿಲೋಮೀಟರಿನ ಮಾಲೆ ಅಂಗಿಯ ಜೇಬಿಗೆ ಬಂದಂತಾಯಿತು. ಪುನರಾವೃತ್ತಿಯ ಬಂಧನವು ಅಂದಿಗೆ ಕಳಚಿತು. ಸೀರೆಯ ಒಂದು ತುದಿಯಿಂದ ಮತ್ತೊಂದು ತುದಿಯವರೆಗೆ ಮರುಕಳಿಸದ ಚಿತ್ರವನ್ನು ನೇಯುವುದು ಸಾಧ್ಯವಾಯಿತು.

ಅದೇ ವರ್ಷಗಳಲ್ಲಿ ಸಂಗೀತದ ಕೋಣೆಗಳಲ್ಲಿಯೂ ಇದೇ ನಾಟಕ ನಡೆಯುತ್ತಿತ್ತು. ಸ್ಯಾಂಪ್ಲರ್ ಎಂಬ ವಾದ್ಯವು ವೀಣೆಯ ಮೀಟನ್ನೋ ಮೃದಂಗದ ಹೊಡೆತವನ್ನೋ ಅಂಕಿಗಳಾಗಿ ನುಂಗಿಕೊಂಡು, ಕೀಲಿ ಒತ್ತಿದಾಗ ಬೇಕಾದ ಶ್ರುತಿಯಲ್ಲಿ ಹೊರಹಾಕುತ್ತದೆ. 1981ರ ಎಮ್ಯುಲೇಟರ್, 1984ರ ಎನ್ಸೋನಿಕ್ ಮಿರಾಜ್, 1987ರ ರೋಲ್ಯಾಂಡ್ ಎಸ್-550 ಮೊದಲಾದುವು ಹೊತ್ತಿಸಿದೊಡನೆ ಮೂಕವಾಗಿರುತ್ತಿದ್ದುವು. ಅವುಗಳ ಒಡಲಿನಲ್ಲಿ ಶಾಶ್ವತವಾಗಿ ಬರೆದಿದ್ದುದು ಡಿಸ್ಕನ್ನು ಓದು ಎಂಬಷ್ಟು ಅಲ್ಪಜ್ಞಾನ ಮಾತ್ರ. ಫ್ಲಾಪಿಯನ್ನು ತುರುಕಿ, ತಾನು ಯಾರು ಎಂಬುದನ್ನು ಅದರಿಂದ ಓದಿಕೊಂಡ ಮೇಲೆಯೇ ವಾದ್ಯವು ವಾದ್ಯವಾಗುತ್ತಿತ್ತು. ನಂದಿಸಿದರೆ ಸರ್ವವೂ ಮರೆತುಹೋಗುತ್ತಿತ್ತು. ಬಳಿಕ ಬಂದ ಕೆಲವು ಮಾದರಿಗಳಿಗೆ ಸ್ಕಸಿ ಎಂಬ ದಪ್ಪ ಕೇಬಲ್ಲಿನಿಂದ ಹೊರಗಿನ ಹಾರ್ಡ್ ಡಿಸ್ಕನ್ನು ಜೋಡಿಸಿ ಅದರಿಂದಲೇ ಎಚ್ಚರಿಸಬಹುದಾಯಿತು. ಆದರೆ ಆ ಕೇಬಲ್ಲಿಗೆ ಸಾಲಾಗಿ ಜೋಡಿಸಿದ ಸಾಧನಗಳಿಗೆ ಮೀಸಲಾದ ಎಂಟು ವಿಳಾಸಗಳಲ್ಲಿ ಎರಡು ಸಾಧನಗಳಿಗೆ ಒಂದೇ ಸಂಖ್ಯೆ ಬಿದ್ದರೆ, ಸಾಲಿನ ಎರಡು ತುದಿಗಳಲ್ಲಿಯೂ ಮುಕ್ತಾಯದ ತುಣುಕು ಇಲ್ಲದಿದ್ದರೆ, ಅಥವಾ ಡಿಸ್ಕಿಗಿಂತ ಮೊದಲು ವಾದ್ಯವನ್ನೇ ಹೊತ್ತಿಸಿಬಿಟ್ಟರೆ, ಅದು ಏಳುತ್ತಿರಲಿಲ್ಲ. ಕಾರ್ಡುಮಾಲೆಯ ಕ್ರಮಸಂಖ್ಯೆಯ ಶಿಸ್ತನ್ನು ಬಲ್ಲ ನೇಕಾರನಿಗೆ ಈ ಕಟ್ಟುಪಾಡುಗಳಲ್ಲಿ ಆಶ್ಚರ್ಯವೇನೂ ಕಾಣುತ್ತಿರಲಿಲ್ಲ.

ಫ್ಲಾಪಿಗಳಿಗೂ ಮುಪ್ಪು ಬಂದಿತು. ಜಪಾನಿನ ಸೋನಿ ಸಂಸ್ಥೆಯು 2011ರ ಹೊತ್ತಿಗೆ ತನ್ನ ನಾಡಿನಲ್ಲಿ ಅವುಗಳ ಮಾರಾಟವನ್ನು ನಿಲ್ಲಿಸಿತು. ಫ್ಲಾಪಿಯ ಬಾಯಿಯುಳ್ಳ ಕಸೂತಿ ಯಂತ್ರಗಳೂ ಹೆಣಿಗೆ ಯಂತ್ರಗಳೂ ಜವಳಿಯ ಇತರ ಯಂತ್ರಗಳೂ ಪ್ರಪಂಚದಾದ್ಯಂತ ಇನ್ನೂ ಗಟ್ಟಿಮುಟ್ಟಾಗಿದ್ದುವು. ಅವುಗಳಿಗಾಗಿ ಗೋಟೆಕ್ ಎಂಬ ಹೆಸರಿನ ಅಗ್ಗದ ಪೆಟ್ಟಿಗೆಯೊಂದು ಮಾರುಕಟ್ಟೆಗೆ ಬಂದಿತು. ಫ್ಲಾಪಿ ಡ್ರೈವಿನ ಗಾತ್ರದ್ದೇ, ಅದರ ಸ್ಥಾನದಲ್ಲಿಯೇ ಕೂರುವುದೇ. ಒಳಗೆ ಚುಚ್ಚಿದ ಒಂದು ಪೆನ್ ಡ್ರೈವನ್ನು ಅದು ಯಂತ್ರದ ಮುಂದೆ 100 ಫ್ಲಾಪಿಗಳೆಂದು ನಟಿಸುತ್ತದೆ. ಯಂತ್ರಕ್ಕೆ ಈ ನಟನೆ ತಿಳಿಯುವುದಿಲ್ಲ. ಹಳೆಯ ಸ್ಯಾಂಪ್ಲರುಗಳನ್ನು ಜೋಪಾನ ಮಾಡುವ ಸಂಗೀತಗಾರರು ಈ ಪೆಟ್ಟಿಗೆಯನ್ನು ಕಂಡು, ಅದರೊಳಗಿನ ಆಜ್ಞಾಕ್ರಮವನ್ನು ಅಳಿಸಿ ತಮಗೆ ಬೇಕಾದುದನ್ನು ಬರೆದು, ಮೂಕವಾಗಿದ್ದ ತಮ್ಮ ವಾದ್ಯಗಳನ್ನು ಪುನಃ ನುಡಿಸಿದರು. ಮಗ್ಗದ ಕಾರ್ಡಿನಿಂದ ಜಾತ್ರೆಯ ಆರ್ಗನ್ನಿಗೆ ಹಿಂದೆ ಸಂದಿದ್ದ ಉಪಕಾರವು ಜವಳಿಯವರಿಂದ ವಾದ್ಯದವರಿಗೆ ಎರಡನೆಯ ಸಲವೂ ಸಂದಿತು.

ದೊಡ್ಡಬಳ್ಳಾಪುರದಲ್ಲಿ ಈಚಿನ ವರ್ಷಗಳಲ್ಲಿ ವಿದ್ಯುನ್ಮಾನ ಜಕಾರ್ಡುಗಳು ಹಳೆಯ ಮಗ್ಗಗಳ ಮೇಲೆಯೇ ಬಂದು ಕೂತಿವೆ. ಕೆಳಗೆ ಅಪ್ಪನ ಕಾಲದ ಕಬ್ಬಿಣ, ಅದೇ ಲಾಳಿ, ಅದೇ ಹಣಿಗೆ. ಮೇಲೆ ಸಣ್ಣ ಪರದೆಯೂ ಪೆನ್ ಡ್ರೈವಿನ ಕಿಂಡಿಯೂ ಉಳ್ಳ ನಿಯಂತ್ರಕ. ಕರೆಂಟು ಹೋದಾಗ ನಿಂತ ಹೊಕ್ಕಿನ ಸಂಖ್ಯೆಯನ್ನು ಈಗ ನಿಯಂತ್ರಕವೇ ಉಳಿಸಿಕೊಳ್ಳಬೇಕು. ಕಾರ್ಡು ಸಹಜವಾಗಿ ಮಾಡುತ್ತಿದ್ದುದನ್ನು ಇದಕ್ಕೆ ಕಲಿಸಿಕೊಡಬೇಕಾಯಿತು. ಮಗ್ಗವು ಹೀಗೆ ಮೂರು ಬಗೆಯ ನೆನಪುಗಳನ್ನು ಕಂಡೂ ಸಾಯದೆ ಉಳಿದುದಕ್ಕೆ ಕಾರಣ, ನೆನಪು ಎಂದೂ ಅದರ ಒಡಲಿನೊಳಗೆ ಇಲ್ಲದಿದ್ದುದೇ ಎಂದು ನನ್ನ ಅಭಿಪ್ರಾಯ. ಎಲ್ಲವನ್ನೂ ಒಳಗೇ ಬೆಸೆದುಕೊಂಡು ಬಂದಿರುವ ಇಂದಿನ ಎಷ್ಟೋ ಯಂತ್ರಗಳು ಒಂದು ಚಿಪ್ಪು ಕೆಟ್ಟರೆ ಗುಜರಿಗೆ ಹೋಗುತ್ತವೆ. ಹೊರಗಿನದನ್ನು ಓದಿ ನಡೆಯುವ ಯಂತ್ರಕ್ಕೆ ಓದುವ ಬಾಯಿಯನ್ನು ಮಾತ್ರ ಬದಲಿಸಿದರೆ ಸಾಕು.

ಮಗ್ಗ ಉಳಿಯಿತೆಂದ ಮಾತ್ರಕ್ಕೆ ನಕ್ಷೆಗಳು ಉಳಿಯಲಿಲ್ಲ. ಪೆನ್ ಡ್ರೈವಿನಲ್ಲಿ ಬರುವ ಚಿತ್ರವನ್ನು ಯಾರು ಎಲ್ಲಿ ಬರೆದರೋ ತಿಳಿಯದು. ಒಂದು ಮನೆಯ ಹೊಸ ಅಂಚು ಪಕ್ಕದ ಬೀದಿಯ ಮಗ್ಗದಲ್ಲಿ ಮೂಡುವುದಕ್ಕೆ ಈಗ ಒಂದು ನಕಲು ಸಾಕು, ಸೂರತ್ತಿನ ಅಗ್ಗದ ಸೀರೆಯಲ್ಲಿ ಮೂಡುವುದಕ್ಕೂ ಹೆಚ್ಚು ದಿನ ಬೇಕಾಗುವುದಿಲ್ಲ. ಕಾರ್ಡು ಹೊಡೆಯುವವರಿಗೆ ಕೆಲಸ ಕಡಮೆಯಾಯಿತು. ಜಂತೆಗೆ ತೂಗುಹಾಕಿದ್ದ ಕಾರ್ಡುಮಾಲೆಗಳನ್ನು ರದ್ದಿಯ ತೂಕಕ್ಕೆ ಹಾಕುವ ಮನೆಗಳೂ ಉಂಟು. ಜಾಗ ಬೇಕಲ್ಲ ಎಂಬ ಅವರ ಮಾತಿಗೆ ನಾನು ಎದುರಾಡಲಾರೆ. ಆದರೆ ಆ ಮಾಲೆಯಲ್ಲಿರುವುದು ರಟ್ಟು ಮಾತ್ರವಲ್ಲ. ಚೌಕುಳಿಯ ಕಾಗದವು ಹರಿದುಹೋಗಿ, ಸೀರೆಯು ಉಟ್ಟು ಹಳಸಿ, ನಕ್ಷೆ ಬರೆದವನೂ ಇಲ್ಲವಾದ ಮೇಲೆ, ಆ ಬಳ್ಳಿಯ ಬಾಗು ಹೇಗಿತ್ತೆಂಬುದಕ್ಕೆ ಉಳಿದ ಸಾಕ್ಷ್ಯವು ಅದೊಂದೇ.

ಆದುದರಿಂದ ದೊಡ್ಡಬಳ್ಳಾಪುರದಲ್ಲಿಯೂ ಸುತ್ತಣ ಊರುಗಳಲ್ಲಿಯೂ ಹಳೆಯ ಕಾರ್ಡುಮಾಲೆಗಳು ಇರುವ ಮನೆಯವರಲ್ಲಿ ಒಂದು ಪ್ರಾರ್ಥನೆ. ಮಾರುವ ಮುನ್ನ ಮಾಲೆಯ ಮೊದಲ ಕಾರ್ಡು ಯಾವುದೆಂದು ಗುರುತಿಸಿ, ಒಟ್ಟು ಎಷ್ಟು ಕಾರ್ಡುಗಳಿವೆಯೆಂದು ಎಣಿಸಿ, ಜಕಾರ್ಡು ಎಷ್ಟು ಕೊಕ್ಕೆಯದೆಂದೂ ನಕ್ಷೆ ಅಂಚಿನದೋ ಸೆರಗಿನದೋ ಬುಟ್ಟದ್ದೋ ಎಂದೂ ಒಂದು ಚೀಟಿಯಲ್ಲಿ ಬರೆಯಿರಿ. ಅನಂತರ ಒಂದೊಂದು ಕಾರ್ಡನ್ನೂ ಕಪ್ಪು ಬಟ್ಟೆಯ ಮೇಲೆ ಇಟ್ಟು, ಒಂದೇ ಎತ್ತರದಿಂದ, ಕ್ರಮ ತಪ್ಪದಂತೆ, ಕೈಯಲ್ಲಿರುವ ಮೊಬೈಲಿನಲ್ಲಿಯೇ ಚಿತ್ರ ತೆಗೆಯಿರಿ. 200 ಕಾರ್ಡಿನ ಬುಟ್ಟಕ್ಕೆ ಒಂದು ಮಧ್ಯಾಹ್ನ ಸಾಕು. ಆ ಚಿತ್ರಗಳ ರಂಧ್ರಗಳನ್ನು ಓದಿ, ಕೊಕ್ಕೆಗಳ ಕ್ರಮಕ್ಕೆ ಸರಿಯಾಗಿ ಚೌಕುಳಿಗೆ ಇಳಿಸಿ, ನಿಮ್ಮ ಮಗ್ಗದ ಮೇಲಿರುವ ಹೊಸ ಜಕಾರ್ಡಿಗೆ ಪೆನ್ ಡ್ರೈವಿನಿಂದ ಉಣಿಸಬಲ್ಲ ತರುಣರು ನಿಮ್ಮ ಬೀದಿಗಳಲ್ಲಿಯೇ ಇದ್ದಾರೆ. ಅವರನ್ನು ಕೇಳಿನೋಡಿ.